ಪರಮೇಶ್ವರಪ್ಪನವರ ರೇಟಿಂಗ್

ಕುದುರೆಮುಖದಲ್ಲಿ ಬರೀ ಪರಮೇಶ್ವರಪ್ಪ ಎಂದು ಕೇಳಿದರೆ ಜನ ಸ್ವಲ್ಪ ಯೋಚಿಸುತ್ತಿದ್ದರು. ಚೆಸ್ ಪರಮೇಶ್ವರಪ್ಪ ಎಂದರೆ, "ಓ, ಅವ್ರಾ" ಎಂದು ಗಣಿ ಕಂಪನಿಯ ಸ್ಟೋರ್ಸ್ ಕಡೆ ಕೈ ತೋರಿಸುತ್ತಿದ್ದರು. ಇಪ್ಪತ್ತಾರು ವರ್ಷ ಆ ಸ್ಟೋರ್ಸಿನ ಕಿಟಕಿಯಲ್ಲಿ ಕೂತು ಬೋಲ್ಟು, ಬೇರಿಂಗು, ಬೆಲ್ಟು ಕೊಟ್ಟ ಮನುಷ್ಯ ಅವರು. ಹೆಸರು ಬಂದದ್ದು ಮಾತ್ರ ಕ್ಲಬ್ಬಿನ ಚದುರಂಗದಿಂದ. ವರ್ಷಕ್ಕೊಮ್ಮೆ ಅಲ್ಲಿ ನಡೆಯುವ ಪಂದ್ಯದಲ್ಲಿ ಹನ್ನೊಂದು ಸಲ ಗೆದ್ದಿದ್ದರು. ಪಂದ್ಯಕ್ಕೆ ಹೆಸರು ಕೊಡುತ್ತಿದ್ದವರು ಹದಿನೆಂಟೋ ಇಪ್ಪತ್ತೋ ಜನ. ಅವರಲ್ಲಿ ಅರ್ಧಕ್ಕರ್ಧ ಕಾಯಿ ನಡೆಸುವುದಷ್ಟೇ ಗೊತ್ತಿದ್ದವರು. ಆದರೆ ಗೆದ್ದವನು ಇದನ್ನೆಲ್ಲ ಯಾಕೆ ಯೋಚಿಸುತ್ತಾನೆ? ಪರಮೇಶ್ವರಪ್ಪನವರೂ ಯೋಚಿಸಿರಲಿಲ್ಲ.

೨೦೦೫ರ ಕೊನೆಗೆ ಗಣಿ ನಿಂತಿತು. ಒಬ್ಬೊಬ್ಬರೇ ಮನೆ ಖಾಲಿ ಮಾಡಿ ಹೊರಟರು. ಕ್ಲಬ್ಬಿನಲ್ಲಿ ಅವರ ಎದುರು ಕೂರುತ್ತಿದ್ದ ಎಲೆಕ್ಟ್ರಿಷಿಯನ್ ಕೇರಳಕ್ಕೆ ಹೋದ, ಡ್ರಾಯಿಂಗ್ ಆಫೀಸಿನ ರಾವ್ ಮಂಗಳೂರಿಗೆ ಹೋದರು. ಫೆಬ್ರವರಿಯ ಹೊತ್ತಿಗೆ ಪರಮೇಶ್ವರಪ್ಪನವರೂ ಸ್ವಯಂ ನಿವೃತ್ತಿ ತೆಗೆದುಕೊಂಡು, ಹೆಂಡತಿ ಸರೋಜಮ್ಮನ ಜೊತೆ ಕಳಸದಲ್ಲಿ ಬಾಡಿಗೆ ಮನೆ ಹಿಡಿದರು. ಆಗ ಅವರಿಗೆ ಐವತ್ತಮೂರು. ಮಗಳು ಮದುವೆಯಾಗಿ ಹಾಸನದಲ್ಲಿದ್ದಳು. ಬೆಳಿಗ್ಗೆ ಪೇಪರ್ ಓದಿ, ಚಂದ್ರಶೇಖರಪ್ಪನವರ ಹೋಟೆಲಿನಲ್ಲಿ ಕಾಫಿ ಕುಡಿದ ಮೇಲೆ ಇಡೀ ದಿನ ಉಳಿಯುತ್ತಿತ್ತು. ಎದುರಾಳಿಯಿಲ್ಲದೆ ಎರಡೂ ಕಡೆಯ ಕಾಯಿಗಳನ್ನು ತಾವೇ ನಡೆಸಿಕೊಂಡು ಕೂರುತ್ತಿದ್ದರು.

"ಒಬ್ರೇ ಆಡಿ ಒಬ್ರೇ ಗೆಲ್ತೀರಲ್ಲ, ನಿಮಗೆ ಬೇಜಾರಾಗಲ್ವ?" ಎಂದು ಸರೋಜಮ್ಮ ಕೇಳಿದಾಗ ನಕ್ಕುಬಿಟ್ಟರು.

ಬಸ್ ಸ್ಟ್ಯಾಂಡಿನ ಎದುರಿನ ಸಾಲಿನಲ್ಲಿ ಅರುಣಾಳ ಅಂಗಡಿ ಇತ್ತು. ಮೊದಲು ಎಸ್‌ಟಿಡಿ ಬೂತ್. ಆಮೇಲೆ ಎರಡು ಕಂಪ್ಯೂಟರ್ ಹಾಕಿ ಸೈಬರ್ ಮಾಡಿದ್ದಳು. ಮೂವತ್ತು ವರ್ಷದ ಹೆಂಗಸು. ಅವಳ ಅಪ್ಪ ಅಮ್ಮ ಗೋಣಿಬೀಡಿನ ಹತ್ತಿರ ಒಂದು ಎಸ್ಟೇಟಿನ ಕೂಲಿಯಾಳುಗಳ ಲೈನ್ ಮನೆಯಲ್ಲಿದ್ದು ಅವಳನ್ನು ಡಿಪ್ಲೊಮಾ ಓದಿಸಿದ್ದರು. ಗಂಡ ಗಿರಿ ಹೊರನಾಡಿಗೆ ಜೀಪು ಓಡಿಸುತ್ತಿದ್ದ. ಮಗಳಿಗೆ ಫೋನ್ ಮಾಡಲು ಬಂದಿದ್ದ ಪರಮೇಶ್ವರಪ್ಪನವರ ಕೈಯಲ್ಲಿ ಚದುರಂಗದ ಹಳೇ ಪುಸ್ತಕ ನೋಡಿ ಅವಳೇ ಹೇಳಿದಳು.

"ಸರ್, ನೆಟ್ಟಲ್ಲಿ ಚೆಸ್ ಆಡ್ಬಹುದು ಗೊತ್ತಾ? ಯಾವ ದೇಶದವ್ರು ಬೇಕಾದ್ರೂ ಸಿಕ್ತಾರೆ. ಗೆದ್ರೆ ನಂಬರ್ ಏರುತ್ತೆ, ಸೋತ್ರೆ ಇಳಿಯುತ್ತೆ. ಅದಕ್ಕೆ ರೇಟಿಂಗ್ ಅಂತಾರೆ."

ಅವಳೇ ಅವರ ಹೆಸರಿನಲ್ಲಿ ಒಂದು ಖಾತೆ ತೆರೆದುಕೊಟ್ಟಳು. ಶುರುವಿನಲ್ಲಿ ಎಲ್ಲರಿಗೂ ಸಿಗುವ ಹಾಗೆ ಅವರಿಗೂ ಸಾವಿರದ ಇನ್ನೂರು ಸಿಕ್ಕಿತು. ಪರಮೇಶ್ವರಪ್ಪ ಕೈಬೆರಳ ನೆಟಿಗೆ ಮುರಿದುಕೊಂಡು ಕೂತರು. ಹನ್ನೊಂದು ಸಲ ಗೆದ್ದವನಿಗೆ ಇದೇನು ಮಹಾ ಎನ್ನುವ ಗತ್ತು ಇತ್ತು. ಮೊದಲ ಆಟ ಹತ್ತೊಂಬತ್ತು ನಡೆಯಲ್ಲಿ ಸೋತರು. ಎರಡನೆಯದೂ ಸೋತರು. ಮೂರನೆಯದು ಅರ್ಧಕ್ಕೆ ಲೈನ್ ಕಟ್ಟಾಗಿ ಹೋಯಿತು; ಸೋತಂತೆಯೇ ಬರೆದುಕೊಂಡಿತು ಕಂಪ್ಯೂಟರು.

"ನಿಮ್ಮ ಲೈನೇ ಸರಿಯಿಲ್ಲ ಮಾರಾಯ್ತಿ" ಎಂದರು.

"ಹೌದು ಸರ್, ಮಧ್ಯಾಹ್ನ ಸ್ವಲ್ಪ ತೊಂದ್ರೆ. ನಾಳೆ ಬೆಳಿಗ್ಗೆ ಬನ್ನಿ" ಎಂದಳು ಅರುಣಾ.

ಮರುದಿನ ಬೆಳಿಗ್ಗೆ ಲೈನು ಚೆನ್ನಾಗಿಯೇ ಇತ್ತು. ಆವತ್ತೂ ಸೋತರು.

ಸ್ಟೋರ್ಸಿನ ಅಭ್ಯಾಸ, ಅವರು ಒಂದು ಉದ್ದ ನೋಟ್‌ಬುಕ್ಕಿಗೆ ಕೆಂಪು ಶಾಯಿಯಲ್ಲಿ ಗೆರೆ ಹೊಡೆದು ತಾರೀಖು, ಎದುರಾಳಿ, ಫಲ, ರೇಟಿಂಗ್ ಎಂದು ಕಾಲಂ ಮಾಡಿಕೊಂಡಿದ್ದರು. ತನ್ನ ಪ್ರಗತಿ ಅದರಲ್ಲಿ ಕಾಣಬೇಕು ಎಂದು ಆಸೆ. ಮೂರು ವಾರದಲ್ಲಿ ಕಡೆಯ ಕಾಲಮಿನ ಅಂಕಿ ಸಾವಿರದ ನಲವತ್ತಕ್ಕೆ ಇಳಿಯಿತು. ಸರೋಜಮ್ಮ ಅಡುಗೆಮನೆಯಿಂದ ಈಚೆ ಬಂದರೆ ನೋಟ್‌ಬುಕ್ಕನ್ನು ಪೇಪರಿನ ಕೆಳಗೆ ಸರಿಸುತ್ತಿದ್ದರು. ಹೋಟೆಲಿನಲ್ಲಿ ಯಾರಾದರೂ "ಹೆಂಗೆ ನಡೀತಿದೆ ಚೆಸ್ಸು?" ಎಂದರೆ "ಪರವಾಗಿಲ್ಲ, ಒಳ್ಳೊಳ್ಳೆಯವ್ರು ಸಿಕ್ತಾರೆ" ಎನ್ನುತ್ತಿದ್ದರು. ಒಳ್ಳೊಳ್ಳೆಯವರು ಸಿಗುತ್ತಿದ್ದದ್ದು ನಿಜ. ಒಮ್ಮೆ ಅವರನ್ನು ಸೋಲಿಸಿದವನು ಆಟ ಮುಗಿದ ಮೇಲೆ ತನಗೆ ಒಂಬತ್ತು ವರ್ಷ, ಈಗ ಈಜಲು ಹೋಗಬೇಕು ಎಂದು ಬರೆದು ಹೋಗಿದ್ದ.

ಅವರ ಬೆನ್ನ ಹಿಂದೆ ನಿಂತು ನೋಡಿ ನೋಡಿ ಅರುಣಾಳಿಗೆ ಆಟದ ರುಚಿ ಹತ್ತಿತು. "ನಂಗೂ ಹೇಳಿಕೊಡಿ ಸರ್" ಎಂದಳು. ಕಾಯಿ ನಡೆಸುವುದು, ಕುದುರೆಯ ಜಿಗಿತ, ರಾಜನನ್ನು ಮೂಲೆಗೆ ಸೇರಿಸುವುದು, ಎಲ್ಲ ಹೇಳಿಕೊಟ್ಟವರು ಅವರೇ. ಗಿರಾಕಿ ಇಲ್ಲದ ಹೊತ್ತಲ್ಲಿ ಅವಳೂ ಒಂದು ಖಾತೆ ತೆರೆದು ಆಡತೊಡಗಿದಳು. ಮೊದಲು ದಬದಬ ಸೋತು ಒಂಬೈನೂರಕ್ಕೆ ಇಳಿದಳು. ಆದರೆ ಅವಳಿಗೆ ಒಂದು ಅಭ್ಯಾಸವಿತ್ತು. ಸೋತ ಆಟದ ನಡೆಗಳನ್ನು ಒಂದು ಪುಸ್ತಕದಲ್ಲಿ ಬರೆದು, ಕೆಳಗೆ 'ಯಾಕೆ ಸೋತೆ' ಎಂದು ಒಂದು ಸಾಲು ಬರೆಯುತ್ತಿದ್ದಳು. 'ಮಂತ್ರಿಯನ್ನು ಬೇಗ ಹೊರಗೆ ತಂದೆ.' 'ಅವನ ಒಂಟೆ ನೋಡಲಿಲ್ಲ.' 'ಗಿರಾಕಿಗೆ ಝೆರಾಕ್ಸ್ ಕೊಡಲು ಎದ್ದೆ, ಗಮನ ತಪ್ಪಿತು.' ಹೀಗೆ.

ಮಳೆಗಾಲ ಹಿಡಿಯುವಷ್ಟರಲ್ಲಿ ಅವಳ ರೇಟಿಂಗ್ ಸಾವಿರದ ಮುನ್ನೂರು ದಾಟಿತ್ತು. ಅವರದು ಸಾವಿರದ ಎಂಬತ್ತು.

ಪರಮೇಶ್ವರಪ್ಪ ಆ ಎರಡು ಅಂಕಿಗಳನ್ನು ಪಕ್ಕಪಕ್ಕದ ಪರದೆಯಲ್ಲಿ ನೋಡಿದ ದಿನ ಜೋರು ಮಳೆಗೆ ಕರೆಂಟು ಹೋಯಿತು. ಬಸ್ಸುಗಳೆಲ್ಲ ತಡವಾಗಿ ಅಂಗಡಿಯಲ್ಲಿ ಯಾರೂ ಇರಲಿಲ್ಲ. "ಒಂದು ಬೋರ್ಡ್ ಆಟ ಆಡೋಣ" ಎಂದು ಅವರೇ ಕರೆದರು. ಮೇಜಿನ ಮೇಲೆ ಮರದ ಬೋರ್ಡಿಟ್ಟು ಕೂತರು. ಮುಕ್ಕಾಲು ಗಂಟೆಯಲ್ಲಿ ಅವರ ರಾಜ ಸಿಕ್ಕಿಬಿದ್ದ. ಅರುಣಾ ಕೊನೆಯ ನಡೆ ನಡೆಸಿ, ಗೆದ್ದ ಖುಷಿ ಮುಖದಲ್ಲಿ ಬರುವ ಮೊದಲೇ ತಡೆದುಕೊಂಡಳು.

"ನೀವು ಬೇಕು ಅಂತ್ಲೇ ಬಿಟ್ಟುಕೊಟ್ರಿ ಅಲ್ವಾ ಸರ್?" ಎಂದಳು.

ಇಲ್ಲ ಎನ್ನಬಹುದಿತ್ತು. "ಹೂಂ. ನಿಂಗೂ ಸ್ವಲ್ಪ ಧೈರ್ಯ ಬರ್ಲಿ ಅಂತ" ಎಂದರು ಪರಮೇಶ್ವರಪ್ಪ. ಅಂದ ಕೂಡಲೇ ಎದ್ದು, ಆ ಮಳೆಯಲ್ಲೇ ಕೊಡೆ ಹಿಡಿದು ಮನೆಗೆ ನಡೆದರು. ಕೊಡೆ ಹಿಡಿದರೂ ಅರ್ಧ ನೆನೆದಿದ್ದರು.

ಕಂಪನಿಯ ಕಚೇರಿಯವರು ಹಳೇ ಕಂಪ್ಯೂಟರುಗಳನ್ನು ವಿಲೇವಾರಿ ಮಾಡಿದಾಗ ಅವರೂ ಒಂದನ್ನು ಮನೆಗೆ ತಂದಿಟ್ಟಿದ್ದರು. ಅದರ ಮೇಲೆ ಸರೋಜಮ್ಮ ಹೊಲಿದ ಹೊದಿಕೆ ಬಿದ್ದಿತ್ತು, ಅಷ್ಟೆ. ಆಗಸ್ಟಿನಲ್ಲಿ ಚಿಕ್ಕಮಗಳೂರಿಗೆ ಪಿಂಚಣಿಯ ಕಾಗದಕ್ಕೆಂದು ಹೋದವರು ಬಸ್ ಸ್ಟ್ಯಾಂಡಿನ ಪುಸ್ತಕದಂಗಡಿಯಲ್ಲಿ ಒಂದು ಕಂಪ್ಯೂಟರ್ ಪತ್ರಿಕೆ ಕೊಂಡರು. ಜೊತೆಗೆ ಬಂದ ಸಿ.ಡಿ.ಯಲ್ಲಿ ಚದುರಂಗ ಆಡುವ ಒಂದು ಪ್ರೋಗ್ರಾಂ ಇತ್ತು. ಕದ್ದು ಆಡಬೇಕೆಂದು ಅವರು ಅದನ್ನು ಕೊಂಡಿರಲಿಲ್ಲ. ಅದರ ಎದುರು ಅಭ್ಯಾಸ ಮಾಡಿ, ಅರುಣಾಳ ಮುಂದೆ ಮರ್ಯಾದೆಯಾಗಿ ಗೆಲ್ಲಬೇಕು ಎಂದೇ ಇತ್ತು. ಮನೆಗೆ ಫೋನು ಬಂದಿತ್ತು, ನೆಟ್ಟೂ ಹಾಕಿಸಿದರು.

ಒಂದು ಭಾನುವಾರ ಬೆಳಿಗ್ಗೆ ಮನೆಯಿಂದಲೇ ಆಡುತ್ತಿದ್ದಾಗ ಆಟ ಕೈ ಮೀರುತ್ತಿತ್ತು. ಇದೇ ಸ್ಥಿತಿಯಲ್ಲಿ ಆ ಪ್ರೋಗ್ರಾಂ ಏನು ಮಾಡೀತು ನೋಡೋಣ ಎಂದು ಕಾಯಿಗಳನ್ನು ಹಾಗೆಯೇ ಅದರಲ್ಲಿ ಜೋಡಿಸಿದರು. ಸುಮ್ಮನೆ ನೋಡುವುದಕ್ಕೆ. ಅದು ಒಂದು ಕುದುರೆಯ ನಡೆ ತೋರಿಸಿತು. ಅವರ ತಲೆಗೆ ಸಾವಿರ ವರ್ಷ ಕೂತರೂ ಹೊಳೆಯದ ನಡೆ. ಅದನ್ನೇ ಆಡಿದರು. ಗೆದ್ದರು.

"ಏನ್ರೀ, ಗೆದ್ರಾ?" ಎಂದು ಸರೋಜಮ್ಮ ಕೇಳಿದ್ದಕ್ಕೆ ತಿರುಗದೆ "ಹ್ಞೂಂ" ಎಂದರು. ನೋಟ್‌ಬುಕ್ಕಿನಲ್ಲಿ ಬರೆಯಬೇಕೋ ಬೇಡವೋ ಎಂದು ಪೆನ್ನು ಹಿಡಿದುಕೊಂಡು ಕೂತರು. ಕೊನೆಗೆ ಬರೆದರು. ಬರೆದ ಅಕ್ಷರ ಎಂದಿನ ಹಾಗೇ ದುಂಡಗಿತ್ತು.

ಮುಂದಿನ ವಾರ ಎರಡು ಸಲ ನೋಡಿದರು. ಅದರ ಮುಂದಿನ ವಾರ ಎಲ್ಲ ನಡೆಯನ್ನೂ ನೋಡಿಯೇ ಆಡಿದರು. ದಸರಾ ಹೊತ್ತಿಗೆ ಸಾವಿರದ ಐನೂರು, ದೀಪಾವಳಿಗೆ ಸಾವಿರದ ಏಳುನೂರು, ಡಿಸೆಂಬರಿನಲ್ಲಿ ಸಾವಿರದ ಒಂಬೈನೂರು. ಕಡೆಯ ಕಾಲಮಿನಲ್ಲಿ ಅಂಕಿ ಏಣಿ ಹತ್ತಿದ ಹಾಗೆ ಹತ್ತುತ್ತ ಹೋಯಿತು. ಒಂದು ಸೋಲು ಬೇಕಲ್ಲ, ಇಲ್ಲದಿದ್ದರೆ ಅನುಮಾನ ಬರುತ್ತದೆ ಎಂದು ನಡುನಡುವೆ ಬೇಕೆಂದೇ ಸೋತರು. ಹಾಗೆ ಸೋತ ದಿನವೇ ಅವರಿಗೆ ತಾನು ಎಂಥವನಾಗಿದ್ದೇನೆ ಎಂಬುದು ಹೆಚ್ಚು ಸ್ಪಷ್ಟವಾಗಿ ಕಾಣುತ್ತಿತ್ತು. ಕನ್ನಡಿ ಮುಂದೆ ಗಡ್ಡ ಹೆರೆಯುವಾಗ ಕಣ್ಣನ್ನು ಬಿಟ್ಟು ಗಲ್ಲವನ್ನಷ್ಟೇ ನೋಡಿಕೊಳ್ಳುತ್ತಿದ್ದರು.

ಅರುಣಾ ಕುಣಿದಾಡುವುದೊಂದು ಬಾಕಿ. ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಸ್ಕೆಚ್ ಪೆನ್ನಿನಿಂದ 'ನಮ್ಮ ಪರಮೇಶ್ವರಪ್ಪ ಸರ್, ರೇಟಿಂಗ್ ೧೯೦೦' ಎಂದು ಬರೆದು ಕಂಪ್ಯೂಟರಿನ ಮೇಲಿನ ಗೋಡೆಗೆ ಅಂಟಿಸಿದಳು. "ಇದೆಲ್ಲ ಬೇಡಮ್ಮ" ಎಂದರೆ, "ನೀವು ಸುಮ್ನಿರಿ ಸರ್. ಇಲ್ಲಿ ಬರೋ ಮಕ್ಕಳಿಗೆ ಗೊತ್ತಾಗ್ಲಿ" ಎಂದಳು. ಅದನ್ನು ನೋಡಿದ ಒಬ್ಬರು ಚಿಕ್ಕಮಗಳೂರಿನ ಒಂದು ವಾರಪತ್ರಿಕೆಗೆ ನಾಲ್ಕು ಸಾಲು ಬರೆದರು. ಹೋಟೆಲಿನ ಚಂದ್ರಶೇಖರಪ್ಪ ಆ ದಿನ ಕಾಫಿಯ ಜೊತೆ ಒಂದು ಪ್ಲೇಟು ಬನ್ಸ್ ತಂದಿಟ್ಟು "ಇದು ನನ್ನ ಲೆಕ್ಕ" ಎಂದರು. ಪರಮೇಶ್ವರಪ್ಪ ತಲೆ ತಗ್ಗಿಸಿ ತಿಂದರು. ಇವರು ಎಷ್ಟು ಸಂಕೋಚದ ಮನುಷ್ಯ ಎಂದು ಅಲ್ಲಿದ್ದವರೆಲ್ಲ ಮೆಚ್ಚಿಕೊಂಡರು.

ಜನವರಿಯಲ್ಲಿ ಚಿಕ್ಕಮಗಳೂರಿನಲ್ಲಿ ಜಿಲ್ಲಾ ಮಟ್ಟದ ಪಂದ್ಯ ಎಂದು ಗೊತ್ತಾಯಿತು. ಅರುಣಾ ಹೋಗಲೋ ಬೇಡವೋ ಎಂದು ಹದಿನೈದು ದಿನ ತೂಗಿದಳು. "ಹೋಗಿ ಬಾ ಮಾರಾಯ್ತಿ, ಎರಡು ದಿನ ಅಂಗಡಿ ಮುಚ್ಚಿದ್ರೆ ಆಕಾಶ ಬೀಳಲ್ಲ" ಎಂದ ಗಿರಿ. ಅವಳು ತಯಾರಿಗೆಂದು ಪರಮೇಶ್ವರಪ್ಪನವರು ನೆಟ್ಟಿನಲ್ಲಿ ಗೆದ್ದ ಆಟಗಳನ್ನೆಲ್ಲ ಪ್ರಿಂಟ್ ತೆಗೆದು ಓದತೊಡಗಿದಳು. ಒಂದು ದಿನ ಅವರನ್ನು ಹಿಡಿದು ಕೂರಿಸಿದಳು.

"ಸರ್, ಈ ಆಟ ನೋಡಿ. ಇಪ್ಪತ್ತಮೂರನೇ ನಡೆ. ನೀವು ಆನೆ ಕೊಟ್ಟು ಕುದುರೆ ತಗೊಂಡ್ರಿ. ಆನೆಗೆ ಬೆಲೆ ಜಾಸ್ತಿ ಅಲ್ವಾ? ಎರಡು ದಿನ ಯೋಚ್ನೆ ಮಾಡ್ದೆ, ಯಾಕೆ ಅಂತ ಹೊಳೀಲೇ ಇಲ್ಲ."

ಪರಮೇಶ್ವರಪ್ಪನವರಿಗೂ ಹೊಳೆದಿರಲಿಲ್ಲ. ಆ ಆಟದ ನೆನಪೂ ಇರಲಿಲ್ಲ. ಅವಳು ಪೆನ್ಸಿಲ್ ಹಿಡಿದು ಕಾಯುತ್ತಿದ್ದಳು. ಗೊತ್ತಿಲ್ಲ ಎಂದರೆ ಹೇಗೆ ಆಡಿದಿರಿ ಎಂಬ ಪ್ರಶ್ನೆ ಬರುತ್ತದೆ. ಅವರು ಗಂಟಲು ಸರಿಮಾಡಿಕೊಂಡರು.

"ನೋಡು, ರಾಜನ ಪಕ್ಕದ ಕುದುರೆ ಅಂದ್ರೆ ಕಾವಲುಗಾರ ಇದ್ದ ಹಾಗೆ. ಅದನ್ನ ತೆಗೆದುಬಿಟ್ರೆ ರಾಜ ಬಯಲಿಗೆ ಬೀಳ್ತಾನೆ. ಆನೆ ಕೊಟ್ಟಾದ್ರೂ ತೆಗೀಬೇಕು. ಆಮೇಲೆ ಆಟ ತಾನಾಗೇ ನಿನ್ನ ಕಡೆ ಬರುತ್ತೆ."

"ಯಾವಾಗ್ಲೂನಾ ಸರ್?"

"ಹೆಚ್ಚುಕಮ್ಮಿ ಯಾವಾಗ್ಲೂ."

ಅವಳು ಅದನ್ನು ಪುಸ್ತಕದಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದಳು.

ಪಂದ್ಯಕ್ಕೆ ಪರಮೇಶ್ವರಪ್ಪನವರೂ ಹೋಗಬೇಕಾಯಿತು. ಆಡುವುದಕ್ಕಲ್ಲ. "ವಯಸ್ಸಾಯ್ತು, ಅಷ್ಟು ಹೊತ್ತು ಕೂರೋಕಾಗಲ್ಲ" ಎಂದು ತಪ್ಪಿಸಿಕೊಂಡಿದ್ದರು. ಆದರೆ ವಾರಪತ್ರಿಕೆ ನೋಡಿದ್ದ ಸಂಘಟಕರು ಫೋನ್ ಮಾಡಿ, ಕಡೆಯ ದಿನ ನಿಮಗೊಂದು ಸನ್ಮಾನ ಇಟ್ಟುಕೊಂಡಿದ್ದೇವೆ ಎಂದಿದ್ದರು. ಬೇಡ ಎಂದು ಮೂರು ಸಲ ಹೇಳಿದರು. ಮೂರು ಸಲವೂ ಅದು ಸಂಕೋಚ ಎಂದೇ ಅವರು ತಿಳಿದರು.

ಅರುಣಾ ಐದು ಸುತ್ತಿನಲ್ಲಿ ನಾಲ್ಕು ಗೆದ್ದಿದ್ದಳು. ಕಡೆಯ ಸುತ್ತು ಗೆದ್ದರೆ ರಾಜ್ಯಮಟ್ಟಕ್ಕೆ ಹೋಗುವ ನಾಲ್ವರಲ್ಲಿ ಒಬ್ಬಳಾಗುತ್ತಿದ್ದಳು. ಎದುರಿಗೆ ತರೀಕೆರೆಯ ಒಬ್ಬ ಲೆಕ್ಚರರ್. ಪರಮೇಶ್ವರಪ್ಪ ಸಭಾಂಗಣದ ಗೋಡೆಗೆ ಒರಗಿ ದೂರದಿಂದ ನೋಡುತ್ತಿದ್ದರು. ಆಟ ಅವಳ ಕೈಯಲ್ಲೇ ಇತ್ತು; ಅದು ಅವರಿಗೂ ಕಾಣುವಷ್ಟು ಸ್ಪಷ್ಟವಾಗಿತ್ತು. ಅವಳು ಬಹಳ ಹೊತ್ತು ಯೋಚಿಸಿದಳು. ಒಮ್ಮೆ ತಲೆ ಎತ್ತಿ ಗೋಡೆಯ ಕಡೆ ಅವರನ್ನು ನೋಡಿ ಸಣ್ಣಗೆ ನಕ್ಕಳು. ಆಮೇಲೆ ಆನೆ ಕೊಟ್ಟು ರಾಜನ ಪಕ್ಕದ ಕುದುರೆಯನ್ನು ತೆಗೆದಳು.

ಲೆಕ್ಚರರ್ ಅವಳ ಆನೆಯನ್ನು ಎತ್ತಿ ಪಕ್ಕಕ್ಕಿಟ್ಟು ತನ್ನ ರಾಜನನ್ನು ಆ ಮನೆಗೆ ಸರಿಸಿದರು. ಅಷ್ಟೇ. ರಾಜ ಬಯಲಿಗೆ ಬೀಳಲೇ ಇಲ್ಲ. ಹನ್ನೆರಡು ನಡೆ ಕಳೆಯುವುದರಲ್ಲಿ ಅರುಣಾ ಕೈ ಚಾಚಿ ಸೋಲೊಪ್ಪಿಕೊಂಡಳು.

ಅರ್ಧ ಗಂಟೆಯ ಮೇಲೆ ವೇದಿಕೆಯಲ್ಲಿ ಪರಮೇಶ್ವರಪ್ಪನವರಿಗೆ ಶಾಲು ಹೊದಿಸಿದರು. 'ಮಲೆನಾಡಿನ ಮೂಲೆಯಲ್ಲಿ ಕೂತು ಪ್ರಪಂಚವನ್ನು ಗೆದ್ದವರು' ಎಂದು ಮೈಕಿನಲ್ಲಿ ಯಾರೋ ಹೇಳಿದರು. ಕೆಳಗೆ ಮೂರನೇ ಸಾಲಿನಲ್ಲಿ ಕೂತ ಅರುಣಾ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದಳು. ಅವಳ ಕಣ್ಣು ಇನ್ನೂ ಕೆಂಪಗಿದ್ದವು. ನೆಲ ಬಾಯಿಬಿಟ್ಟರೆ ಒಳಗೆ ಇಳಿದುಬಿಡುತ್ತಿದ್ದೆ ಅನ್ನಿಸಿತು ಅವರಿಗೆ. ಎರಡು ಮಾತಾಡಿ ಎಂದು ಮೈಕು ಕೊಟ್ಟಾಗ "ನಮಸ್ಕಾರ" ಎಂದಷ್ಟೇ ಹೇಳಿ ಇಳಿದುಬಂದರು.

ವಾಪಸು ಬರುವಾಗ ಇಬ್ಬರೂ ಅಕ್ಕಪಕ್ಕ ಕೂತಿದ್ದ ಬಸ್ಸು ಮೂಡಿಗೆರೆ ದಾಟಿತು. ಕಾಫಿ ಕೊಯ್ಲಿನ ಕಾಲ. ದಾರಿಯುದ್ದಕ್ಕೂ ಕಣಗಳಲ್ಲಿ ಹಣ್ಣು ಹರಡಿದ್ದರು, ಅದರ ಹುಳಿ ವಾಸನೆ ಕಿಟಕಿಯಿಂದ ಬರುತ್ತಿತ್ತು. ಕೊಟ್ಟಿಗೆಹಾರದಲ್ಲಿ ಬಸ್ಸು ನಿಂತಾಗ ಅರುಣಾ ಪುಸ್ತಕ ತೆಗೆದು 'ಯಾಕೆ ಸೋತೆ' ಎಂಬುದರ ಮುಂದೆ ಬರೆದಳು. ಪರಮೇಶ್ವರಪ್ಪ ಓರೆಗಣ್ಣಿನಲ್ಲಿ ಓದಿದರು. 'ಸರ್ ಹೇಳಿದ್ದನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಲಿಲ್ಲ.'

"ನಿಂದೇನೂ ತಪ್ಪಿಲ್ಲ" ಎಂದರು.

"ಇಲ್ಲ ಸರ್, ನಂದೇ. ನಿಮ್ಮ ಆಟದಲ್ಲಿ ಇನ್ನೇನೋ ಇರ್ಬೇಕು, ನನ್ನ ತಲೆಗೆ ಹೋಗಿಲ್ಲ. ಲೈನ್ ಮನೇಲಿ ಬೆಳ್ದವ್ಳಿಗೆ ಇಷ್ಟೆಲ್ಲ ಯಾಕೆ ಬೇಕಿತ್ತು ಅನ್ಸುತ್ತೆ ಒಂದೊಂದ್ಸಲ."

ಆಗ ಹೇಳಬೇಕಿತ್ತು. ಬಾಳೂರು ಬರುವುದರೊಳಗೆ ಹೇಳುತ್ತೇನೆ ಎಂದುಕೊಂಡರು. ಬಾಳೂರು ಬಂತು, ಹಿರೇಬೈಲು ಬಂತು. ಕಳಸದಲ್ಲಿ ಇಳಿದು "ಬರ್ತೀನಮ್ಮ" ಎಂದು ಮನೆಗೆ ಹೋದರು.

ಆ ವಾರ ಅವರು ಆಡಲಿಲ್ಲ. ಎಂಟನೆಯ ದಿನ ಖಾತೆ ತೆರೆಯಲು ಹೋದರೆ ತೆರೆಯಲಿಲ್ಲ. ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬಂದಿತ್ತು. ನಿಮ್ಮ ಆಟಗಳು ಕಂಪ್ಯೂಟರ್ ಪ್ರೋಗ್ರಾಮಿನ ನಡೆಗಳಿಗೆ ಹೊಂದುತ್ತವೆ, ಆದ್ದರಿಂದ ಖಾತೆ ಮುಚ್ಚಿದ್ದೇವೆ, ಹೇಳುವುದಿದ್ದರೆ ಬರೆಯಬಹುದು. ಅವರಿಗೆ ಮೊದಲು ಬಂದದ್ದು ಹೆದರಿಕೆ. ಅದರ ಬೆನ್ನಿಗೆ, ಇದು ಕಳಸದಲ್ಲಿ ಯಾರಿಗೆ ಗೊತ್ತಾಗುತ್ತದೆ ಎಂಬ ಸಮಾಧಾನ. ಆ ಸಮಾಧಾನ ಬಂದದ್ದಕ್ಕೆ ಮತ್ತೆ ನಾಚಿಕೆ.

ಅರುಣಾಳಿಗೆ ಗೊತ್ತಾಗದೆ ಇರುತ್ತದೆಯೇ? ಅವಳು ದಿನಾ ಅವರ ಪುಟ ತೆರೆದು ನೋಡುವವಳು. ಮರುದಿನ ಬೆಳಿಗ್ಗೆ ಗಿರಿಯ ಕೈಯಲ್ಲಿ ಹೇಳಿಕಳಿಸಿದಳು, ಅರ್ಜೆಂಟ್ ಬರಬೇಕಂತೆ ಎಂದು. ಅಂಗಡಿಗೆ ಹೋದಾಗ ಅವಳ ಮುಖ ಸಿಟ್ಟಿನಿಂದ ಉರಿಯುತ್ತಿತ್ತು. ನನ್ನ ಮೇಲೇ ಸಿಟ್ಟು ಎಂದುಕೊಂಡರು ಪರಮೇಶ್ವರಪ್ಪ. ಅಲ್ಲ.

"ನೋಡಿ ಸರ್, ಎಂತ ಬರ್ದಿದ್ದಾರೆ! ಹಳ್ಳಿಯವ್ರು ಚೆನ್ನಾಗಿ ಆಡಿದ್ರೆ ಇವ್ರಿಗೆ ನಂಬಿಕೆನೇ ಬರಲ್ವ? ನಾನು ಬಿಡಲ್ಲ. ಕಾಗದ ಟೈಪ್ ಮಾಡಿದ್ದೀನಿ. ಒಂದ್ಸಲ ಓದಿ ಹೇಳಿ, ಕಳಿಸ್ಬಿಡ್ತೀನಿ."

ಅವರನ್ನು ಕುರ್ಚಿಯಲ್ಲಿ ಕೂರಿಸಿ ಪರದೆ ತೋರಿಸಿದಳು. ಡಿಕ್ಷನರಿ ನೋಡಿ ನೋಡಿ ಬರೆದ ಇಂಗ್ಲಿಷು. ಇವರು ನನ್ನ ಗುರುಗಳು. ಹನ್ನೊಂದು ಸಲ ಚಾಂಪಿಯನ್. ಇವರು ಸುಳ್ಳು ಹೇಳುವುದನ್ನು ನಾನು ಒಮ್ಮೆಯೂ ಕಂಡಿಲ್ಲ. ಇವರ ಆಟಗಳನ್ನು ಒಂದೊಂದಾಗಿ ಓದಿದ್ದೇನೆ, ಪ್ರತಿ ನಡೆಗೂ ಇವರ ಹತ್ತಿರ ಕಾರಣ ಇದೆ. ಕೆಳಗೆ ಅವಳ ಹೆಸರು, ಅಂಗಡಿಯ ವಿಳಾಸ, ಫೋನ್ ನಂಬರು.

ಪರಮೇಶ್ವರಪ್ಪ ಅದನ್ನು ಎರಡು ಸಲ ಓದಿದರು. ಅವಳ ಕೈ ಮೌಸಿನ ಮೇಲಿತ್ತು.

"ಕಳಿಸ್ಬೇಡಮ್ಮ."

"ಯಾಕೆ ಸರ್? ಇಂಗ್ಲಿಷ್ ತಪ್ಪಿದ್ಯಾ?"

"ಇಂಗ್ಲಿಷ್ ಸರಿಯಾಗಿದೆ. ಅವ್ರು ಬರ್ದಿರೋದೂ ಸರಿಯಾಗಿದೆ."

ಅವಳಿಗೆ ಅರ್ಥವಾಗಲಿಲ್ಲ. ಅವರು ಎಲ್ಲವನ್ನೂ ಹೇಳಿದರು. ಸಿ.ಡಿ., ಭಾನುವಾರದ ಬೆಳಗು, ಬೇಕೆಂದೇ ಸೋತದ್ದು. ಮಳೆಯಲ್ಲಿ ಬೋರ್ಡಿನ ಆಟ ಬಿಟ್ಟುಕೊಟ್ಟದ್ದಲ್ಲ, ನಿಜಕ್ಕೂ ಸೋತದ್ದು ಎಂಬುದನ್ನೂ ಹೇಳಿದರು. ಹೇಳುವಾಗ ಕೀಬೋರ್ಡಿನ ಅಕ್ಷರಗಳನ್ನೇ ನೋಡುತ್ತಿದ್ದರು. ಒಬ್ಬ ಮುದುಕ ಝೆರಾಕ್ಸಿಗೆಂದು ಬಂದು, ಕಾದು, ಯಾರೂ ತಿರುಗಿ ನೋಡದ್ದರಿಂದ ಹೊರಟುಹೋದ.

"ಇಪ್ಪತ್ತಮೂರನೇ ನಡೆ?" ಎಂದು ಕೇಳಿದಳು ಅರುಣಾ.

"ಅದಕ್ಕೆ ಕಾರಣ ನಂಗೆ ಗೊತ್ತಿಲ್ಲ. ಆವತ್ತೂ ಗೊತ್ತಿರ್ಲಿಲ್ಲ. ಬಾಯಿಗೆ ಬಂದಿದ್ದು ಹೇಳ್ದೆ."

ಅವಳು ಕಾಗದವನ್ನು ಅಳಿಸಿದಳು. ಒಂದೊಂದೇ ಸಾಲು, ಕೆಳಗಿನಿಂದ ಮೇಲಕ್ಕೆ. ಆಮೇಲೆ ನಿಧಾನವಾಗಿ ಹೇಳಿದಳು: "ನೀವು ಯಾವನೋ ಮುಖ ಕಾಣದವ್ನ ಹತ್ರ ಗೆದ್ರಲ್ಲ, ಅದು ನಂಗೆ ಬೇಕಾಗಿಲ್ಲ ಸರ್. ಹತ್ತು ದಿನದಿಂದ ನಾನು ದಡ್ಡಿ ಅಂದ್ಕೊಂಡು ಕೂತಿದ್ದೀನಿ. ಗಿರಿ ಹತ್ರ ಇನ್ನು ಆಡಲ್ಲ ಅಂತ ಹೇಳಿದ್ದೆ. ಬಸ್ಸಲ್ಲಿ ನಾನು ಅದನ್ನ ಬರೆಯೋದು ನೀವು ನೋಡಿದ್ರಿ. ನೋಡಿದ್ರಿ ಅಲ್ವಾ?"

"ನೋಡ್ದೆ."

"ನೋಡಿ ಸುಮ್ನೆ ಕೂತ್ರಿ."

ಅವಳು ಗೋಡೆಯ ಕಡೆ ಕೈ ಮಾಡಿದಳು. "ಆ ಚೀಟಿ ನೀವೇ ತೆಗೀರಿ."

ಚೀಟಿ ಎತ್ತರದಲ್ಲಿತ್ತು. ಪರಮೇಶ್ವರಪ್ಪ ಸ್ಟೂಲು ಎಳೆದು ಹತ್ತಿದರು. ಅಷ್ಟರಲ್ಲಿ ಕಾಲೇಜಿನ ಇಬ್ಬರು ಹುಡುಗಿಯರು ಒಳಗೆ ಬಂದಿದ್ದರು. ಬಿಳಿ ಪಂಚೆಯ ದೊಡ್ಡ ಮನುಷ್ಯ ಸ್ಟೂಲಿನ ಮೇಲೆ ನಿಂತು ತನ್ನ ಹೆಸರಿನ ಕಾಗದವನ್ನು ಉಗುರಿನಿಂದ ಕೀಳುವುದನ್ನು ನೋಡಿದರು. ಗಮ್ ಗಟ್ಟಿಯಾಗಿ ಹಿಡಿದಿತ್ತು. ಚೂರುಚೂರಾಗಿ ಬಂತು.

ಮನೆಗೆ ಬಂದು ಸರೋಜಮ್ಮನಿಗೂ ಹೇಳಿದರು. ಅವರು ಬೀನ್ಸ್ ಮುರಿಯುತ್ತಿದ್ದವರು ಕೈ ನಿಲ್ಲಿಸಲಿಲ್ಲ.

"ಆ ಹುಡುಗಿಗೆ ಹೇಳ್ದೆ, ಮುಗೀತು ಅಂತ ಕೂತ್ಕೋಬೇಡಿ. ಶಾಲು ಹೊದಿಸಿದವ್ರಿಗೆ ಯಾರು ಹೇಳೋದು?"

ಸಂಘಟಕರಿಗೆ ಕಾಗದ ಬರೆದು, ಶಾಲನ್ನು ಮಡಿಸಿ ಪಾರ್ಸೆಲ್ ಮಾಡಿ ಕಳಿಸಿದರು. ಅತ್ತಲಿಂದ ಉತ್ತರ ಬರಲಿಲ್ಲ. ಹೋಟೆಲಿನ ಚಂದ್ರಶೇಖರಪ್ಪನವರಿಗೂ ಹೇಳಿದರು. ಅವರು ಜೋರಾಗಿ ನಕ್ಕು, "ಅಯ್ಯೋ, ಆಟಕ್ಕೆಲ್ಲ ಯಾಕೆ ತಲೆ ಕೆಡಿಸ್ಕೊಳ್ತೀರಿ ಮಾರಾಯ್ರೇ! ಯಾರ ಮನೆ ಹಾಳಾಯ್ತು ಈಗ?" ಎಂದು ಕಾಫಿ ತಂದಿಟ್ಟರು. ಬೈದಿದ್ದರೆ ಸಹಿಸಬಹುದಿತ್ತು. ತಾನು ಮಾಡಿದ್ದರ ತೂಕ ಊರಲ್ಲಿ ಒಬ್ಬಳಿಗೆ ಮಾತ್ರ ಗೊತ್ತು, ಅವಳ ಮುಂದೆ ತಾನಿನ್ನು ಮುಖ ಎತ್ತುವ ಹಾಗಿಲ್ಲ ಎನ್ನಿಸಿ ಕಾಫಿಯನ್ನು ಅರ್ಧಕ್ಕೆ ಬಿಟ್ಟು ಎದ್ದರು.

ಒಂದು ಮಧ್ಯಾಹ್ನ ನೋಟ್‌ಬುಕ್ಕು ತೆಗೆದು, ಆ ಭಾನುವಾರದಿಂದ ಈಚಿನ ಪ್ರತಿ ಸಾಲಿನ ಮುಂದೆ 'ನನ್ನದಲ್ಲ' ಎಂದು ಬರೆಯುತ್ತ ಕೂತರು. ನೂರ ನಲವತ್ತಮೂರು ಸಾಲುಗಳು. ಮುಗಿಯುವಾಗ ಬೆರಳು ನೋಯುತ್ತಿತ್ತು. ಆಮೇಲೆ ಸಿ.ಡಿ.ಯಲ್ಲಿದ್ದುದನ್ನು ಕಂಪ್ಯೂಟರಿನಿಂದ ತೆಗೆಸಿ, ಮನೆಯ ನೆಟ್ಟನ್ನೂ ಬಿಡಿಸಿದರು. ಆಡುವುದಿದ್ದರೆ ಅಂಗಡಿಯಲ್ಲೇ, ಎಲ್ಲರ ಕಣ್ಣೆದುರು ಆಡಬೇಕು ಎಂದು ನಿಶ್ಚಯಿಸಿಕೊಂಡರು. ಅಂಗಡಿಯ ಮೆಟ್ಟಿಲು ಹತ್ತಲು ಮಾತ್ರ ಎರಡು ತಿಂಗಳು ಬೇಕಾಯಿತು.

ಹೋದ ದಿನ ಅರುಣಾ ತಲೆ ಎತ್ತಿ ನೋಡಿ, "ಎರಡನೇ ಕಂಪ್ಯೂಟರ್ ಖಾಲಿ ಇದೆ" ಎಂದಳು. ಬೇರೆ ಗಿರಾಕಿಗಳಿಗೆ ಹೇಳುವ ಹಾಗೆಯೇ. ಅವರು ಖಾತೆ ಮುಚ್ಚಿದ್ದ ಚೆಸ್ ತಾಣದವರಿಗೆ ತಪ್ಪೊಪ್ಪಿ ಬರೆದು, ಅವರ ಒಪ್ಪಿಗೆಯ ಮೇಲೆ ಹೊಸ ಖಾತೆ ತೆರೆದು, ಹೊಸ ಪುಟದಿಂದ ಶುರುಮಾಡಿದರು. ಸಾವಿರದ ಇನ್ನೂರು ಇದ್ದದ್ದು ಸಾವಿರದ ಇಪ್ಪತ್ತಕ್ಕೆ ಬಂತು. ಈ ಸಲ ಅದನ್ನು ಯಾವ ಪೇಪರಿನ ಕೆಳಗೂ ಸರಿಸಲಿಲ್ಲ. ಆದರೆ ನಾಚಿಕೆ ಹೋಯಿತೆಂದಲ್ಲ. ಅರುಣಾ ಈಗ 'ಸರ್' ಎನ್ನುತ್ತಿರಲಿಲ್ಲ, 'ಪರಮೇಶ್ವರಪ್ಪೋರೆ' ಎನ್ನುತ್ತಿದ್ದಳು. ಮಾತಿನಲ್ಲಿ ಒಂದಿಷ್ಟೂ ಮರ್ಯಾದೆ ಕಮ್ಮಿಯಿರಲಿಲ್ಲ.

ಮುಂದಿನ ವರ್ಷದ ಕೊನೆಗೆ ಅರುಣಾ ಜಿಲ್ಲೆಯಲ್ಲಿ ಎರಡನೆಯವಳಾಗಿ ಬಂದು ರಾಜ್ಯಮಟ್ಟದ ಪಂದ್ಯಕ್ಕೆ ಹೋದಳು. ಪರಮೇಶ್ವರಪ್ಪನವರಿಗೆ ಅದು ಗೊತ್ತಾದದ್ದು ಬಸ್ ಸ್ಟ್ಯಾಂಡಿನಲ್ಲಿ, ಗಿರಿಯ ಬಾಯಿಂದ. "ನಿಮಗೆ ಹೇಳಿಲ್ವಾ ಅವ್ಳು?" ಎಂದು ಗಿರಿ ಕೇಳಿ, ತಾನೇ ಮುಜುಗರಪಟ್ಟು ಜೀಪಿನ ಗಾಜು ಒರೆಸತೊಡಗಿದ. "ಹೇಳಿರ್ಬೇಕು, ನಾನೇ ಮರೆತೆ" ಎನ್ನಲು ಬಾಯಿ ತೆರೆದ ಪರಮೇಶ್ವರಪ್ಪ ನಿಲ್ಲಿಸಿದರು. "ಇಲ್ಲಪ್ಪ, ಹೇಳ್ಲಿಲ್ಲ. ತುಂಬಾ ಸಂತೋಷ ಆಯ್ತು ಅಂತ ಹೇಳು" ಎಂದರು.

೨೦೦೯ರ ಬೇಸಿಗೆಯಲ್ಲಿ ಅವಳೇ ಕಳಸದ ಒಂದು ಶಾಲೆಯ ಸಭಾಂಗಣದಲ್ಲಿ ಪಂದ್ಯ ಏರ್ಪಡಿಸಿದಳು. ಪರಮೇಶ್ವರಪ್ಪ ಹೆಸರು ಕೊಡಲು ಹೋದರು. ಅವಳು ಫಾರಂ ತುಂಬುತ್ತ ಬಂದು 'ರೇಟಿಂಗ್ ಇದ್ದರೆ' ಎಂಬಲ್ಲಿ ಪೆನ್ನು ನಿಲ್ಲಿಸಿದಳು.

"ಎಷ್ಟು ಬರೀಲಿ?"

"ಸಾವಿರದ ತೊಂಬತ್ತೆರಡು."

ಅವಳು ಬರೆದಳು. ಹಿಂದೆ ನಿಂತವರೆಲ್ಲ ಕೇಳಿಸಿಕೊಂಡರು.

ನಲವತ್ತನಾಲ್ಕು ಜನ ಆಡಿದರು. ಐದು ಸುತ್ತಿನಲ್ಲಿ ಪರಮೇಶ್ವರಪ್ಪ ಎರಡು ಗೆದ್ದರು. ಒಂದು ಬ್ಯಾಂಕಿನ ಗುಮಾಸ್ತನ ಮೇಲೆ, ಇನ್ನೊಂದು ಸಂಸೆಯ ಒಬ್ಬ ಮೇಷ್ಟ್ರ ಮೇಲೆ. ಮೂರು ಸೋತರು. ಫಲಿತಾಂಶದ ಹಾಳೆಯಲ್ಲಿ ಅವರದು ಮೂವತ್ತೊಂದನೇ ಹೆಸರು. ಕುದುರೆಮುಖದ ದಿನಗಳಿಂದ ಅವರನ್ನು ಬಲ್ಲ ಒಬ್ಬರು ಆ ಹಾಳೆಯ ಮುಂದೆ ನಿಂತು, "ಏನಿದು ಪರಮೇಶ್ವರಪ್ಪ, ನೀವು ಚಾಂಪಿಯನ್ ಅಲ್ವಾ!" ಎಂದರು. "ಅಲ್ಲಿ ಇದ್ದಿದ್ದೇ ಅಷ್ಟು ಜನ" ಎಂದರು ಅವರು.

ಎಲ್ಲ ಮುಗಿದ ಮೇಲೆ ಗಿರಿ ಬೋರ್ಡುಗಳನ್ನು ಜೀಪಿಗೆ ತುಂಬಿಕೊಂಡು, ಮನೆ ಹತ್ತಿರ ಬಿಡುತ್ತೇನೆಂದು ಅವರನ್ನೂ ಹತ್ತಿಸಿಕೊಂಡ. ಅರುಣಾ ಮುಂದೆ ಕೂತಿದ್ದಳು. ಅವರು ಹಿಂದೆ, ಚೀಲಗಳ ನಡುವೆ. ತಿರುವಿನಲ್ಲಿ ಅವರು ಇಳಿಯುವಾಗ ಅವಳು ರಸ್ತೆ ನೋಡಿಕೊಂಡೇ ಹೇಳಿದಳು.

"ಮುಂದಿನ ವರ್ಷ ಬೋರ್ಡು ಜೋಡಿಸೋಕೆ ಜನ ಬೇಕು ಪರಮೇಶ್ವರಪ್ಪೋರೆ. ಏಳು ಗಂಟೆಗೆಲ್ಲ ಬರ್ಬೇಕಾಗುತ್ತೆ."

"ಬರ್ತೀನಮ್ಮ" ಎಂದರು.

ಜೀಪು ಹೋಯಿತು. ಪರಮೇಶ್ವರಪ್ಪ ಪಂಚೆಗೆ ಹತ್ತಿದ ಧೂಳು ಕೊಡವಿಕೊಂಡು ಮನೆಯ ಕಡೆ ನಡೆದರು.